ವಾಟ್ಸ್‌ಆ್ಯಪ್‌ನಲ್ಲೇ ಲೈಬ್ರರಿ ಕೌಂಟರ್: ಶುರು ಮಾಡುವುದು ಹೇಗೆ?

ಜಡಿಮಳೆಯಲ್ಲಿ ಎರಡು ಮೈಲಿ ನಡೆದು ಬಂದವರಿಗೆ ‘ಆ ಪುಸ್ತಕ ಹೊರಗೆ ಹೋಗಿದೆ’ ಎನ್ನಲು ಯಾವ ಗ್ರಂಥಪಾಲಕರಿಗೂ ಮನಸ್ಸು ಬರುವುದಿಲ್ಲ. ಮೊದಲೇ ಒಂದು ಮೆಸೇಜ್ ಹಾಕಿ ಕೇಳುವಂತಿದ್ದರೆ ಆ ನಡಿಗೆ ಉಳಿಯುತ್ತಿತ್ತು, ಅಲ್ವಾ? ‘ಓದುಗರ ಸಮಯ ಉಳಿಸಿ’ ಎಂಬುದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಗ್ರಂಥಾಲಯಗಳಿಗೆಂದು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಇವತ್ತು ಅದಕ್ಕೆ ಒಂದು ಫೋನ್ ಸಾಕು.

ಮೊದಲು ಗ್ರಂಥಾಲಯದ ಹೆಸರಿನಲ್ಲೇ ಬೇರೆ ಸಿಮ್ ತೆಗೆದುಕೊಳ್ಳಿ. ಸ್ವಂತ ನಂಬರ್ ಕೊಟ್ಟರೆ ನಿಮಗೆ ವರ್ಗವಾದ ದಿನ ಸೇವೆಯೂ ನಿಮ್ಮ ಜೊತೆ ಹೊರಟುಬಿಡುತ್ತದೆ. ಆ ನಂಬರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ. ಅಂಗಡಿಯವರಿಗೆ ಮಾಡಿದ್ದಾದರೂ ನಮ್ಮ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ವಿಳಾಸ, ಬಾಗಿಲು ತೆರೆಯುವ ಹೊತ್ತು ತುಂಬಿ. ಮುಚ್ಚಿದ ಹೊತ್ತಿನಲ್ಲಿ ತಾನಾಗಿ ಹೋಗುವ ಸಂದೇಶ ಬರೆದಿಡಿ: ‘ಈಗ ಬಾಗಿಲು ಹಾಕಿದೆ. ನಾಳೆ ಬೆಳಿಗ್ಗೆ ಉತ್ತರಿಸುತ್ತೇವೆ.’ ಸದಸ್ಯರಾಗುವುದು ಹೇಗೆ ಎಂಬಂಥ ದಿನಾ ಬರುವ ಪ್ರಶ್ನೆಗಳಿಗೆ ಸಿದ್ಧ ಉತ್ತರ ಉಳಿಸಿಕೊಳ್ಳಬಹುದು.

ಇಷ್ಟು ಒಂದು ಮಧ್ಯಾಹ್ನದ ಕೆಲಸ. ನಿಜವಾದ ಕೆಲಸ ಇರುವುದು ಮಾತಿನಲ್ಲಿ. ಜನ ಮೊದಲು ಕೇಳುವುದು ಅವರಿಗೆ ಬೇಕಾದ್ದನ್ನೇ ಆಗಿರುವುದಿಲ್ಲ. ಮಲೆನಾಡಿನ ಒಬ್ಬರು ‘ಕೃಷಿ ಪುಸ್ತಕ ಇದೆಯಾ?’ ಎಂದು ಬರೆದರು ಅಂದುಕೊಳ್ಳಿ. ‘ಇದೆ’ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು.

‘ಇದೆ. ಯಾವ ಬೆಳೆ ನೋಡಬೇಕಿತ್ತು?’

‘ಅಡಿಕೆ.’

‘ಹೊಸದಾಗಿ ಹಾಕಲಿಕ್ಕಾ, ರೋಗಕ್ಕಾ?’

‘ಕೊಳೆ ರೋಗ. ಸಿಂಪಡಿಸುವ ಬೋರ್ಡೋ ದ್ರಾವಣದ ಅಳತೆ ಬೇಕಿತ್ತು.’

ಈಗ ಎದ್ದು ಕಪಾಟಿಗೆ ಹೋಗಿ. ನೆನಪಿನಿಂದ ಉತ್ತರ ಕೊಡಬೇಡಿ. ಪುಸ್ತಕ ತೆರೆದು ನೋಡಿ, ಹೆಸರು, ಪುಟದ ಸಂಖ್ಯೆ ಸಮೇತ ಬರೆಯಿರಿ: ‘ಶೇ 1ರ ದ್ರಾವಣಕ್ಕೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಪುಸ್ತಕ ಮೂರು ದಿನ ನಿಮ್ಮ ಹೆಸರಲ್ಲಿ ಎತ್ತಿಟ್ಟಿರುತ್ತೇನೆ.’ ಹುಡುಕಲು ಹೊತ್ತು ಹಿಡಿದರೆ ಸುಮ್ನೆ ಇರಬೇಡಿ. ‘ನೋಡ್ತಾ ಇದ್ದೇನೆ, ಹತ್ತು ನಿಮಿಷ’ ಎಂದರೆ ಆ ಕಡೆಯವರು ಕಾಯುತ್ತಾರೆ.

ಟೈಪ್ ಮಾಡಲು ಬಾರದವರು ಜಾಸ್ತಿ ಇರುತ್ತಾರೆ. ಅವರು ವಾಯ್ಸ್ ಮೆಸೇಜ್ ಕಳಿಸಿದರೆ ನೀವೂ ಧ್ವನಿಯಲ್ಲೇ ಉತ್ತರಿಸಿ.

‘ಇಡೀ ಪುಸ್ತಕದ ಪಿಡಿಎಫ್ ಕಳಿಸಿ’ ಎಂದು ಕೇಳುವವರೂ ಇರುತ್ತಾರೆ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷವಾಗುವವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ ಅದು ಬೇಡ. ಪರಿವಿಡಿಯ ಫೋಟೊ ಕಳಿಸಿ, ಗ್ರಂಥಾಲಯ ಇಲಾಖೆಯ ಆನ್‌ಲೈನ್ ಲೈಬ್ರರಿಯಾದ ಇ-ಸಾರ್ವಜನಿಕ ಗ್ರಂಥಾಲಯದ ದಾರಿ ತೋರಿಸಿ.

ಎಲ್ಲರನ್ನೂ ಒಂದೇ ಗ್ರೂಪ್‌ಗೆ ಸೇರಿಸುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಗರ್ಭಪಾತದ ಬಗ್ಗೆಯೋ ಸಾಲದ ಕಾನೂನಿನ ಬಗ್ಗೆಯೋ ಓದಬೇಕೆನ್ನುವ ಹೆಣ್ಣುಮಗಳು ಊರವರ ಮುಂದೆ ಕೇಳುತ್ತಾಳಾ? ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿಯೇ ಮಾತಾಡಿ. ಕೆಲಸ ಮುಗಿದ ಮೇಲೆ ಆ ಚಾಟ್ ಅಳಿಸಿ.

ಅಳಿಸುವ ಮುಂಚೆ ಪ್ರಶ್ನೆಯನ್ನಷ್ಟೇ, ಹೆಸರಿಲ್ಲದೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಉತ್ತರ ಸಿಗದ ಪ್ರಶ್ನೆಗಳ ಕೆಳಗೆ ಗೆರೆ ಎಳೆದಿಡಿ. ಮುಂದಿನ ಸಲ ಪುಸ್ತಕ ಖರೀದಿಯ ಪಟ್ಟಿ ಮಾಡುವಾಗ ಆ ನೋಟ್‌ಬುಕ್ಕನ್ನೇ ಮುಂದಿಟ್ಟುಕೊಂಡು ಕೂರಿ.