ಕಾಲು ತೆಗೆದರೂ ಇಳಿಯದ ರೇಸ್

ಆಲ್ದೂರಿನ ಹತ್ತಿರದ ನಮ್ಮ ತೋಟದಲ್ಲಿ ಒಂದು ಹಳೆಯ ಮಾರುತಿ ಜಿಪ್ಸಿ ಜೀಪು ಇದೆ. 2003ರ ಮಾಡೆಲ್, ಎಂಪಿಎಫ್‌ಐ ಪೆಟ್ರೋಲ್ ಇಂಜಿನ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುವಂಥದ್ದು. ಗೊಬ್ಬರದ ಮೂಟೆಗೂ ಅದೇ, ನೆಂಟರ ಮದುವೆಗೂ ಅದೇ.

ಅದರ ರೇಸ್, ಅಂದರೆ ಪೆಡಲ್ ಒತ್ತದಿದ್ದಾಗಲೂ ಇಂಜಿನ್ ತಿರುಗುವ ವೇಗ, ಜಾಸ್ತಿಯಾಗಿದೆ ಅಂತ ಗೊತ್ತಾಗಿದ್ದು ಚಾರ್ಮಾಡಿ ಘಾಟಿಯಲ್ಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯಲು ಶುರು ಮಾಡಿದೆ. ಸೆಕೆಂಡ್ ಗೇರ್, ಆಕ್ಸಿಲರೇಟರ್ ಮೇಲೆ ಕಾಲಿಲ್ಲ. ಆದರೂ ಗಾಡಿ ಹಿಡಿತಕ್ಕೆ ಬರದೆ ಮುಂದಕ್ಕೆ ನುಗ್ಗುತ್ತಿತ್ತು. ಉಜಿರೆ ಮುಟ್ಟುವಷ್ಟರಲ್ಲಿ ಬ್ರೇಕ್ ಸುಟ್ಟ ವಾಸನೆ.

ನಮ್ಮ ಕಡೆಯ ಚಳಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ರೇಸ್ ಜಾಸ್ತಿ ಇರುವುದು ಸರಿಯೇ. ತಣ್ಣಗಿನ ಇಂಜಿನ್ನಿಗೆ ಕಂಪ್ಯೂಟರೇ ಗಾಳಿ ಜಾಸ್ತಿ ಬಿಡುತ್ತದೆ. ಅದಕ್ಕೇ ಎಷ್ಟು ದಿನದಿಂದ ಹೀಗಿತ್ತೋ ನಾನು ಗಮನಿಸಿರಲಿಲ್ಲ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಟ್ಯಾಕೋಮೀಟರ್ ಕಡ ತಂದು ನೋಡಿದೆ. ಬಿಸಿಯಾದ ಮೇಲೆ 850ರ ಆಸುಪಾಸಿಗೆ ಬರಬೇಕಾದ್ದು 1600ರಲ್ಲೇ ನಿಂತಿತ್ತು.

ಒಂದು ಗ್ಯಾರೇಜಿಗೆ ತೋರಿಸಿದೆ. ಹುಡುಗ ಥ್ರಾಟಲ್ (ಪೆಡಲ್ ಒತ್ತಿದಾಗ ತೆರೆದು ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಪಕ್ಕದ ಸ್ಕ್ರೂ ಬಿಚ್ಚಿ ತಿರುಗಿಸಿ, "ಆಯ್ತು ಸಾರ್" ಅಂದ. ಸ್ವಲ್ಪ ಇಳಿಯಿತು, ನಿಜ. ಎರಡೇ ದಿನಕ್ಕೆ ಪೆಡಲ್ ಒತ್ತಿದರೆ ಕಚ್ಚಿಕೊಂಡು ಬರುವ ಹಾಗಾಯಿತು. ಆ ಸ್ಕ್ರೂ ಇರುವುದು ಥ್ರಾಟಲ್ ತಟ್ಟೆ ಪೂರ್ತಿ ಮುಚ್ಚಿ ಗೋಡೆಗೆ ಸಿಕ್ಕಿಕೊಳ್ಳದಿರಲಿ ಅಂತ. ರೇಸ್ ಕೂರಿಸಲು ಅಲ್ಲ. ಇದು ಕಾರ್ಬುರೇಟರ್ ಕಾಲದ ಚಾಳಿ. ಹಳೆಯ ಬಣ್ಣದ ಗುರುತು ಇನ್ನೂ ಇತ್ತು, ಅಲ್ಲಿಗೇ ವಾಪಸ್ ತಂದೆ.

ಆಮೇಲೆ ನಾನೇ ಕೂತೆ. ರೇಸ್ ಏರಬೇಕಾದರೆ ಎಲ್ಲಿಂದಲೋ ಗಾಳಿ ಹೋಗಲೇಬೇಕು, ಅಲ್ವಾ? ಆಕ್ಸಿಲರೇಟರ್ ಕೇಬಲ್ ತಟ್ಟೆಯನ್ನು ಎಳೆದು ಹಿಡಿದಿರಲಿಲ್ಲ, ಸಡಿಲವಾಗಿಯೇ ಇತ್ತು. ಇಂಜಿನ್ ತಂಪಾಗಿಸುವ ಕೂಲಂಟ್ ಸ್ವಲ್ಪ ಕಮ್ಮಿ ಇತ್ತು, ತುಂಬಿಸಿದೆ. ಅದು ಕಮ್ಮಿಯಾಗಿ ಬಿಸಿ ಅಳೆಯುವ ಸೆನ್ಸರ್ ಹತ್ತಿರ ಗಾಳಿ ನಿಂತರೆ ಇಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ಮೋಸಹೋಗುತ್ತದೆ. ಸೆನ್ಸರನ್ನು ಬಿಸಿನೀರಿನಲ್ಲಿ ಅದ್ದಿ ಮಲ್ಟಿಮೀಟರ್ ಹಿಡಿದೆ. 80 ಡಿಗ್ರಿಗೆ 300 ಓಮ್ ಚಿಲ್ಲರೆ. ಸರಿಯೇ ಇದೆ.

ಮುಂದಿನದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಏರ್ ಫಿಲ್ಟರಿನಿಂದ ಬರುವ ಪೈಪ್ ಬಿಚ್ಚಿದೆ. ಥ್ರಾಟಲ್ ತಟ್ಟೆಯ ಮುಂದೆ ಒಂದು ಸಣ್ಣ ತೂತಿರುತ್ತದೆ, ಕಾಲು ತೆಗೆದಾಗ ಇಂಜಿನ್ನಿಗೆ ಗಾಳಿ ಬಿಡುವ ಐಡ್ಲಿಂಗ್ ವಾಲ್ವಿಗೆ ಗಾಳಿ ಹೋಗುವುದು ಅಲ್ಲಿಂದ. ಅದನ್ನು ಬೆರಳಿನಲ್ಲಿ ಮುಚ್ಚಿದರೆ ಸರಿಯಾದ ಇಂಜಿನ್ ನಿಂತೇ ಹೋಗುವಷ್ಟು ಇಳಿಯಬೇಕು. ನನ್ನದು 1400ಕ್ಕೆ ಇಳಿದು ಅಲ್ಲೇ ಕೂತಿತು. ಅಂದರೆ ವಾಲ್ವ್ ಕಳ್ಳನಲ್ಲ. ತಟ್ಟೆ ದಾಟಿದ ಮೇಲೆ ಎಲ್ಲೋ ಸೋರಿಕೆ. ಈ ಇಂಜಿನ್ನಿನಲ್ಲಿ ಮ್ಯಾನಿಫೋಲ್ಡಿನ (ತಟ್ಟೆ ದಾಟಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ) ಒತ್ತಡ ನೋಡಿ ಕಂಪ್ಯೂಟರ್ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಕಳ್ಳಗಾಳಿ ಬಂದರೂ ಅದಕ್ಕೆ ತಕ್ಕ ಪೆಟ್ರೋಲ್ ಹೋಗುತ್ತದೆ. ಇಂಜಿನ್ ಎಡವುವುದಿಲ್ಲ, ನೇರ ರೇಸ್ ಏರುತ್ತದೆ.

ಇನ್ನು ಮ್ಯಾನಿಫೋಲ್ಡಿಗೆ ಸೇರುವ ರಬ್ಬರ್ ಹೋಸುಗಳು. ಸೋರುವ ಹೋಸನ್ನು ಹಿಂಡಿದರೆ ರೇಸ್ ಇಳಿಯಬೇಕು. ಒಂದೊಂದನ್ನೇ ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಂಡಿದೆ. ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರಿನ ದಪ್ಪ ಹೋಸನ್ನೂ ನಡುವೆ ಹಿಂಡಿದೆ. ಏನೂ ಬದಲಾಗಲಿಲ್ಲ. ಇದಲ್ಲ ಬಿಡು ಅಂತ ಮುಂದೆ ಹೋದೆ. ಅರ್ಧ ದಿನ ಹಾಳಾಗಿದ್ದು ಅಲ್ಲೇ.

ಸಂಜೆ ಹೂಕುಂಡಗಳಿಗೆ ನೀರು ಹೊಡೆಯುವ ಸಣ್ಣ ಪಂಪ್ ತಂದೆ. ಪ್ಲಗ್ ವೈರುಗಳ ಮೇಲೆ ಬೀಳದ ಹಾಗೆ ಮ್ಯಾನಿಫೋಲ್ಡಿನ ಸುತ್ತ ಸ್ವಲ್ಪ ಸ್ವಲ್ಪ ಹೊಡೆದೆ. ಸೋರುವ ಜಾಗದ ಮೇಲೆ ನೀರು ಬಿದ್ದರೆ ಅದು ಒಂದು ಕ್ಷಣ ಮುಚ್ಚಿ ರೇಸ್ ಇಳಿಯುತ್ತದೆ. ಕೆಲವರು ಪೆಟ್ರೋಲ್ ಹೊಡೆಯುತ್ತಾರೆ. ಬಿಸಿ ಇಂಜಿನ್ ಮೇಲೆ ಆ ಹುಚ್ಚು ಬೇಡ.

"ತೋಟದ ಥರ ಗಾಡಿಗೂ ಬೋರ್ಡೋ ಔಷಧಿ ಹೊಡೀತಿದ್ದೀಯಾ ಅಪ್ಪಾ?" ಅಂದ ಮಗ.

ಬೈಯಲು ಬಾಯಿ ತೆಗೆದೆ, ಅಷ್ಟರಲ್ಲಿ ಇಂಜಿನ್ ಸದ್ದು ಕುಸಿಯಿತು. ಇನ್ನೊಮ್ಮೆ ಹೊಡೆದೆ, ಮತ್ತೆ ಕುಸಿಯಿತು. ಅದೇ ಬೂಸ್ಟರ್ ಹೋಸು, ಮ್ಯಾನಿಫೋಲ್ಡಿಗೆ ಸೇರುವ ತುದಿ. ಕ್ಲಿಪ್ಪಿನ ಕೆಳಗೆ ರಬ್ಬರ್ ಅರ್ಧ ಸುತ್ತು ಸೀಳಿತ್ತು. ನಾನು ಹಿಂಡಿದ್ದು ಸೀಳಿನಿಂದ ಆಚೆ, ಬೂಸ್ಟರಿನ ಕಡೆ. ಗಾಳಿ ಈಚೆಯಿಂದ ಆರಾಮಾಗಿ ಹೋಗುತ್ತಿತ್ತು. ಮ್ಯಾನಿಫೋಲ್ಡಿನ ಬುಡದಲ್ಲೇ ಹಿಂಡಿದ್ದರೂ ಗೊತ್ತಾಗುತ್ತಿತ್ತೋ ಇಲ್ಲವೋ, ಸೀಳು ಅಷ್ಟು ತುದಿಯಲ್ಲಿತ್ತು.

ಚಿಕ್ಕಮಗಳೂರಿನಿಂದ ಬೂಸ್ಟರ್ ಹೋಸನ್ನೇ ತಂದು ಹಾಕಿದೆ. ಸುಮ್ನೆ ನೀರಿನ ಪೈಪ್ ಕತ್ತರಿಸಿ ಹಾಕಿದರೆ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಆಮೇಲೆ ಬ್ರೇಕ್ ಪೆಡಲೇ ಕಲ್ಲಿನ ಹಾಗೆ ಗಟ್ಟಿ.

ಸ್ಟಾರ್ಟ್ ಮಾಡಿ ಇಂಜಿನ್ ಪೂರ್ತಿ ಬಿಸಿಯಾಗುವವರೆಗೆ ಕಾದೆ. 850. ಮುಂದಿನ ಸೋಮವಾರ ಚಾರ್ಮಾಡಿ ಇಳಿದಾಗ ಸೆಕೆಂಡ್ ಗೇರೇ ಗಾಡಿಯನ್ನು ಹಿಡಿದುಕೊಂಡಿತು.