ಅಕ್ಷರ ಬಂತು, ಓದು ಬರಲಿಲ್ಲ: ನಾನು ಜಾವಿ ಕಲಿತದ್ದು

ಕೆಲಸಕ್ಕೆಂದು ಮಲೇಷ್ಯಾದ ಕ್ವಾಲಾ ತೆರೆಂಗಾನುಗೆ ಬಂದ ಮೊದಲ ವಾರವೇ ರಸ್ತೆಬದಿಯ ಬೋರ್ಡು ನೋಡಿ ಖುಷಿಯಾಗಿತ್ತು. ಅರಬಿ ಲಿಪಿ! ನಾನು ಮಂಗಳೂರು ಕಡೆಯ ಬ್ಯಾರಿ ಹುಡುಗ, ಮದ್ರಸದಲ್ಲಿ ಅರಬಿ-ಮಲಯಾಳಂ, ಅಂದರೆ ಅರಬಿ ಅಕ್ಷರದಲ್ಲಿ ಬರೆದ ಮಲಯಾಳಂ ಪುಸ್ತಕ ಓದಿ ಬೆಳೆದವನು. ಇದೇನು ಮಹಾ, ಹದಿನೈದು ದಿನ ಸಾಕು ಅಂದುಕೊಂಡೆ. ಎರಡು ವರ್ಷ ಹಿಡಿಯಿತು.

ಮಲಯ್ ಭಾಷೆಯನ್ನು ಈಗ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ, ಅದಕ್ಕೆ ರೂಮಿ ಅಂತ ಹೆಸರು. ಅರಬಿ ಲಿಪಿಯದ್ದು ಜಾವಿ. ಅರಬಿಯಲ್ಲಿ ಚ, ಪ, ಗ, ಙ, ಞ ಇಲ್ಲವಲ್ಲ, ಹಾಗಾಗಿ ಇದ್ದ ಅಕ್ಷರಕ್ಕೇ ಚುಕ್ಕೆ ಇಟ್ಟುಕೊಂಡರು. ಅರಬಿಯ ಐನ್ ಅಕ್ಷರದ ಮೇಲೆ ಮೂರು ಚುಕ್ಕೆ ಬಿದ್ದರೆ ಙ, ಫಾ ಅಕ್ಷರದ ಮೇಲೆ ಬಿದ್ದರೆ ಪ. ಶಾಲೆಯಲ್ಲಿ ಙ, ಞ ಬರೆಯುವಾಗ ಇವು ಯಾಕಪ್ಪಾ ಇವೆ ಅಂತ ಅನಿಸುತ್ತಿತ್ತು. ಇಲ್ಲಿ ಸೊಳ್ಳೆಯೇ ಞಾಮುಕ್!

ಅಕ್ಷರವೇನೋ ಒಂದು ವಾರದಲ್ಲಿ ಬಂತು. ಎಡವಿದ್ದು ಸ್ವರಗಳಲ್ಲಿ. ಮದ್ರಸದ ಪುಸ್ತಕದಲ್ಲಿ ಪ್ರತಿ ಅಕ್ಷರಕ್ಕೂ ಸ್ವರದ ಗುರುತು ಇರುತ್ತಿತ್ತು, ಹಳೆಯ ಜಾವಿಯಲ್ಲಿ ಅದಿಲ್ಲ. ಬ, ನ, ತ, ಙ ಅಷ್ಟೇ ಬರೆದಿರುತ್ತಾರೆ. ಅದು ಬಿಂತಾಙ್ (ನಕ್ಷತ್ರ) ಆಗಬಹುದು, ಬಂತಿಙ್ (ಎತ್ತಿ ಬಡಿ) ಆಗಬಹುದು, ಬುಂತಿಙ್ (ಗಬ್ಬ) ಕೂಡ ಆಗಬಹುದು. ಆಕಾಶದಲ್ಲಿ ನಕ್ಷತ್ರ ಮೂಡಿತು ಅನ್ನುವ ಕಡೆ ನಾನು ಗಟ್ಟಿಯಾಗಿ ಬುಂತಿಙ್ ಅಂತ ಓದಿದಾಗ ಪಕ್ಕದ ಮನೆಯ ಮಕ್ಕಳು ಬಿದ್ದು ಬಿದ್ದು ನಕ್ಕವು.

ಆ ಮನೆಯ ಅಜ್ಜ ನಿವೃತ್ತ ಮೇಷ್ಟ್ರು, ಎಲ್ಲರೂ ಚಿಕ್ಗು (ಮಲಯ್‌ನಲ್ಲಿ ಮೇಷ್ಟ್ರು) ಅನ್ನುತ್ತಿದ್ದರು. "ಜಾವಿ ಓದುವುದು ಕಣ್ಣಲ್ಲ, ಕಿವಿ. ಮೊದಲು ಮಾತು ಕಲಿ" ಅಂದರು. ಆರು ತಿಂಗಳು ಪುಸ್ತಕ ಮುಟ್ಟದೆ ಬರೀ ಮಾತಾಡಿದೆ, ಮೀನಿನ ಮಾರುಕಟ್ಟೆಯಲ್ಲೇ ಜಾಸ್ತಿ ಕಲಿತೆ ಅನ್ನಿ. ಆಮೇಲೆ ಮಗ್ರಿಬ್ (ಸಂಜೆಯ) ನಮಾಜ್ ಮುಗಿಸಿ ಅವರ ಜಗಲಿಯಲ್ಲಿ ಕೂತು, ವುಝೂ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು), ನಮಾಜಿನ ನಿಯಮ ಹೇಳುವ ಹಳೆಯ ಕಿತಾಬು ಹಿಡಿದೆವು. ಇದೇ ನನಗೆ ಕೆಲಸಕ್ಕೆ ಬಂದ ಉಪಾಯ. ಇಸ್ಲಾಮಿನ ನಿಯಮಗಳ ವಿಷಯದಲ್ಲಿ ಅವರೂ ಶಾಫಿ ಪಂಥದವರು, ನಾವೂ ಶಾಫಿ, ಮುಂದಿನ ಸಾಲು ಏನು ಹೇಳುತ್ತದೆ ಅಂತ ಮೊದಲೇ ಗೊತ್ತು. ಅರ್ಥ ಗೊತ್ತಿದ್ದರೆ ಸ್ವರ ತಾನಾಗಿ ಕೂತುಕೊಳ್ಳುತ್ತದೆ. ಒಂದು ಪದದ ಪಕ್ಕ ಸುಮ್ನೆ ೨ ಅಂತ ಅಂಕಿ ಇದ್ದರೆ ಆ ಪದವನ್ನು ಎರಡು ಸಲ ಹೇಳಬೇಕು. ಓರಙ್ ಅಂದರೆ ಮನುಷ್ಯ, ಓರಙ್-ಓರಙ್ ಅಂದರೆ ಜನ. ನಾವು ಬಿಸಿ ಬಿಸಿ, ಮನೆ ಮನೆ ಅನ್ನುವವರಿಗೆ ಇದೇನು ಕಷ್ಟ ಅಲ್ವಾ?

ಬೆರಗಾದದ್ದು ಧರ್ಮದ ಪದಗಳಲ್ಲಿ. ಎಲ್ಲ ಅರಬಿಯೇ ಇರುತ್ತದೆ ಅಂದುಕೊಂಡಿದ್ದೆ. ರಂಜಾನ್ ಉಪವಾಸ ಇಲ್ಲಿ ಪುವಾಸಾ. ಪಾಪ ದೋಸಾ, ಪುಣ್ಯ ಪಹಲಾ (ನಮ್ಮ ಫಲ), ಧರ್ಮ ಅಗಾಮಾ, ಭಾಷೆ ಬಹಾಸಾ. ಅಲ್ಲಾಹನ ಸ್ವರ್ಗ ಶುರ್ಗಾ, ನರಕ ನರಾಕಾ. ಇಸ್ಲಾಂ ಬರುವ ಮೊದಲೇ ಸಂಸ್ಕೃತದಿಂದ ಬಂದು ಮಲಯ್ ನಾಲಿಗೆಯಲ್ಲಿ ಕೂತಿದ್ದ ಪದಗಳಿವು, ಹೊಸ ಧರ್ಮ ಬಂದಾಗ ಯಾರೂ ಇವನ್ನು ಎಬ್ಬಿಸಲಿಲ್ಲ.

ಎರಡನೇ ವರ್ಷ ಚಿಕ್ಗು ನನ್ನನ್ನು ತೆರೆಂಗಾನು ಮ್ಯೂಸಿಯಂಗೆ ಕರೆದುಕೊಂಡು ಹೋದರು. ಅಲ್ಲೊಂದು ಶಾಸನದ ಕಲ್ಲಿದೆ. ಜಾವಿಯಲ್ಲಿ ಸಿಕ್ಕಿರುವ ತುಂಬಾ ಹಳೆಯ ಬರಹ ಅದು, 1303ರದ್ದು ಅನ್ನುತ್ತಾರೆ. ಕಲ್ಲಿನ ಮೇಲ್ಭಾಗ ಮುರಿದಿರುವುದರಿಂದ ಇಸವಿಯ ಬಗ್ಗೆ ತಕರಾರು ಇನ್ನೂ ಇದೆ. ಸಾಲ, ವ್ಯಭಿಚಾರ, ದಂಡ ಅಂತ ಕಾನೂನು ಕೆತ್ತಿದ್ದಾರೆ. ಚಿಕ್ಗು ಬೆರಳು ತೋರಿಸಿದ ಕಡೆ ನಾನು ಒಂದೊಂದೇ ಅಕ್ಷರ ಕೂಡಿಸಿದೆ. ದ, ವ, ತ... ದೇವತಾ ಮುಲಿಯಾ ರಾಯಾ. ಅಲ್ಲಾಹನಿಗೆ ಆ ಕಲ್ಲು ಇಟ್ಟ ಹೆಸರು ಅದು.

"ನಿಮ್ಮೂರಲ್ಲಿ ದೇವತಾ ಅಂದರೆ ಏನು?" ಅಂತ ಚಿಕ್ಗು ಕೇಳಿದರು. ಹೇಳಿದೆ. ಬಸ್ಸು ಹತ್ತುವವರೆಗೂ ನಗುತ್ತಲೇ ಇದ್ದರು.