ಹಿನ್ನೀರಿನಲ್ಲಿ ದೋಣಿಗೆ ದಾರಿ: ಮೊಬೈಲ್ ಜಿಪಿಎಸ್ ಬಳಸುವ ಬಗೆ

ಶರಾವತಿಯ ಹಿನ್ನೀರಿನಲ್ಲಿ ಹುಟ್ಟು ಹಾಕಿಕೊಂಡು ಹೋಗುವವರಿಗೆ ದಿಕ್ಕು ತಪ್ಪಲು ಹೆಚ್ಚು ಹೊತ್ತು ಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಕಣಿವೆಗಳಿಗೆಲ್ಲ ನೀರು ಏರಿ, ಗುಡ್ಡದ ನೆತ್ತಿಗಳು ನಡುಗಡ್ಡೆಗಳಾಗಿ ಉಳಿದಿವೆ. ದಡದಿಂದ ನೋಡಿದರೆ ಬೇರೆ ಬೇರೆಯಾಗಿ ತೋರುವ ಈ ದಿಬ್ಬಗಳು ನೀರಿನ ನಡುವೆ ಕುಳಿತಾಗ ಒಂದೇ ಬಗೆಯಾಗಿ ಕಾಣುತ್ತವೆ. ಇಂಥ ಕಡೆ ಸ್ಮಾರ್ಟ್‌ಫೋನು ನಾವು ಎಲ್ಲಿದ್ದೇವೆಂಬುದನ್ನು ತಕ್ಕಮಟ್ಟಿಗೆ ಸರಿಯಾಗಿ ಹೇಳುತ್ತದೆ. ಆದರೆ ದೋಣಿಯ ಅಡಿಯಲ್ಲಿ ಎಷ್ಟು ನೀರಿದೆ, ಅದರೊಳಗೆ ಏನಿದೆ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಹೆಚ್ಚಿನ ಕೆಲಸವನ್ನು ಮನೆಯಲ್ಲಿಯೇ ಮುಗಿಸಿಕೊಳ್ಳಬೇಕು.

ಮೊದಲು ನಕ್ಷೆಯನ್ನು ಫೋನಿನೊಳಗೆ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ದೊರೆತರೆ ಫೋನು ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕುತ್ತದೆ. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರ ತರಿಸಲು, ಮತ್ತು ಹಿನ್ನೀರಿನ ಹಲವು ಕಡೆ ಸಿಗದಿರುವುದು ಅದೇ. ಗೂಗಲ್ ಮ್ಯಾಪ್ಸ್‌ನಲ್ಲಿ ಆಯ್ದ ಪ್ರದೇಶವನ್ನು ಆಫ್‌ಲೈನ್ ಆಗಿ ಉಳಿಸಿಕೊಳ್ಳಬಹುದಾದರೂ ಅದು ರಸ್ತೆಯನ್ನು ನೆಚ್ಚಿದ ಸಾಧನ. ನೀರಿನ ಮೇಲೆ ನಿಮ್ಮ ದೋಣಿಗೆ ದಾರಿ ತೋರಿಸದು. ಓಸ್ಮ್ಯಾಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್‌ಗಳು ಈ ಕೆಲಸಕ್ಕೆ ಹೆಚ್ಚು ಒದಗುತ್ತವೆ: ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯನ್ನು ಫೋನಿನಲ್ಲಿಯೇ ಇಟ್ಟುಕೊಂಡು, ನೀವು ಗುರುತು ಹಾಕಿದ ಜಾಗವನ್ನು ತೋರಿಸುತ್ತವೆ, ಹೋದ ಹಾದಿಯನ್ನು ಗೆರೆಯಾಗಿ ದಾಖಲಿಸುತ್ತವೆ.

ಎರಡನೆಯ ಹೆಜ್ಜೆಯನ್ನು ಅನೇಕರು ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು. ನಕ್ಷೆಯಲ್ಲಿ ಕಾಣುವ ನೀಲಿಯ ಅಂಚು ಯಾವುದೋ ಒಂದು ದಿನದ ನೀರಿನ ಮಟ್ಟಕ್ಕೆ ಮಾತ್ರ ಸರಿ. ಲಿಂಗನಮಕ್ಕಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲದ ಕೊನೆಗೆ ಅದರ ಹತ್ತಿರಕ್ಕೆ ಬರುವ ನೀರು, ವಿದ್ಯುತ್ ಉತ್ಪಾದನೆಗೆ ಹರಿಯುತ್ತ ಹರಿಯುತ್ತ ಮೇ ತಿಂಗಳ ಹೊತ್ತಿಗೆ ಹತ್ತಾರು ಅಡಿ ಕೆಳಗಿಳಿಯುತ್ತದೆ. ನೀರು ತೀರ ಇಳಿದ ಬೇಸಿಗೆಯಲ್ಲಿ ಹೊಳೆಬಾಗಿಲಿನ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದುಂಟು. 1940ರ ದಶಕದಲ್ಲಿ ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಈಗ ಹಿನ್ನೀರಿನೊಳಗಿದೆ. ಬೇಸಿಗೆಯಲ್ಲಿ ಮೇಲೆದ್ದು ಕಾಣುವ ಆ ಗೋಡೆ ಉಳಿದ ದಿನಗಳಲ್ಲಿ ನೀರಿನಡಿ ಅಡಗಿರುತ್ತದೆ. ಮುಳುಗಡೆಯಾದ ಕಾಡಿನ ಮರದ ಬೊಡ್ಡೆಗಳೂ ಹಾಗೆಯೇ. ಇವನ್ನು ಮೊದಲೇ ತಿಳಿಯಲು ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದು ಹಳೆಯ ಉಪಗ್ರಹ ಚಿತ್ರಗಳನ್ನು ನೋಡಿ, ನೀರು ಬತ್ತಿದ ಬೇಸಿಗೆಯ ಚಿತ್ರವೊಂದನ್ನು ಆರಿಸಿಕೊಳ್ಳಿ. ನೀವು ಹೋಗುವ ಹಾದಿಯಲ್ಲಿ ಏಣು, ಹಳೆಯ ಗೋಡೆ, ಬೊಡ್ಡೆಗಳ ಗುಂಪು ಕಂಡಲ್ಲಿ ಅದರ ಅಕ್ಷಾಂಶ ರೇಖಾಂಶವನ್ನು ಬರೆದುಕೊಂಡು ಆ್ಯಪ್‌ನಲ್ಲಿ ಕೆಂಪು ಗುರುತು ಹಾಕಿ. ಹೊರಡುವ ದಿನ ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ನೋಡಿಕೊಂಡರೆ ಯಾವ ಗುರುತು ಆಳದಲ್ಲಿದೆ, ಯಾವುದು ಅಂಗೈ ಆಳದಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಹೊರಡುವ ದಡ, ತಿರುಗುವ ನಡುಗಡ್ಡೆ, ಗಾಳಿ ಎದ್ದರೆ ಹತ್ತಿರದಲ್ಲಿ ಇಳಿಯಬಹುದಾದ ಜಾಗ, ಈ ಮೂರಕ್ಕೂ ಬೇರೆ ಬಣ್ಣದ ಗುರುತು ಇರಲಿ.

ಅಣೆಕಟ್ಟಿನ ಸಮೀಪ ದೋಣಿ ಒಯ್ಯುವಂತಿಲ್ಲ, ದಡದ ಕಾಡಿನ ಕೆಲವು ಭಾಗ ಅಭಯಾರಣ್ಯಕ್ಕೆ ಸೇರಿದೆ. ಅನುಮತಿ ಪಡೆದೇ ಹೊರಡಬೇಕು. ಲೈಫ್ ಜಾಕೆಟ್ ಬಗ್ಗೆ ಚರ್ಚೆಯೇ ಬೇಡ.

ಫೋನನ್ನು ನೀರು ಹೋಗದ ಪಾರದರ್ಶಕ ಚೀಲದಲ್ಲಿಟ್ಟು, ಚೀಲವನ್ನು ದಾರದಿಂದ ದೋಣಿಗೆ ಕಟ್ಟಿ. ಒದ್ದೆ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ. ಮೇಲೆ ಬಿದ್ದ ಹನಿಗಳನ್ನೇ ಬೆರಳೆಂದು ತಿಳಿದು ನಕ್ಷೆಯನ್ನು ಎಲ್ಲೆಲ್ಲಿಗೋ ಸರಿಸುವುದೂ ಉಂಟು. ಹಾಗಾಗಿ ಬೇಕಾದ ಹೊಂದಾಣಿಕೆಗಳನ್ನೆಲ್ಲ ದಡದಲ್ಲಿಯೇ ಮಾಡಿಕೊಳ್ಳಿ. ಮುಚ್ಚಿದ ಚೀಲ ಬಿಸಿಲಿಗೆ ಕಾದರೆ ಫೋನು ಪರದೆಯ ಬೆಳಕನ್ನು ತಾನೇ ತಗ್ಗಿಸುತ್ತದೆ. ನೋಡದಿರುವಾಗ ಅದರ ಮೇಲೊಂದು ಬಿಳಿ ಬಟ್ಟೆ ಹೊದಿಸಿದರೆ ಸಾಕು. ದುರ್ಬಲ ನೆಟ್‌ವರ್ಕನ್ನು ಹುಡುಕುತ್ತ ಬ್ಯಾಟರಿ ಬೇಗ ಮುಗಿಯುವುದರಿಂದ ಏರ್‌ಪ್ಲೇನ್ ಮೋಡ್ ಹಾಕಿಡಿ. ಸಾಮಾನ್ಯವಾಗಿ ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ, ಆದರೂ ಮನೆಯಂಗಳದಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳಿ. ನೆಟ್‌ವರ್ಕಿನ ನೆರವಿಲ್ಲದಿದ್ದಾಗ ಮೊದಲ ಬಾರಿ ಸ್ಥಾನ ಸಿಗಲು ಕೆಲವು ನಿಮಿಷ ಹಿಡಿಯಬಹುದು. ಮರದ ನೆರಳಿನಿಂದ ಹೊರಗೆ ಬಂದು, ನೀಲಿ ಚುಕ್ಕೆ ಒಂದೆಡೆ ನಿಂತ ಮೇಲೆ ಹಾದಿಯ ದಾಖಲೆ ಆರಂಭಿಸಿ ದೋಣಿ ನೂಕಿ.

ಇನ್ನು ಹುಟ್ಟು ಹಾಕುವವರಿಗಷ್ಟೇ ಎದುರಾಗುವ ಒಂದು ತೊಡಕು. ಎರಡು ಹುಟ್ಟಿನ ದೋಣಿಯಲ್ಲಿ ಕುಳಿತವರು ಹೋಗುವ ದಿಕ್ಕಿಗೆ ಬೆನ್ನು ಮಾಡಿರುತ್ತಾರೆ. ಚಲನೆಯ ದಿಕ್ಕು ಮೇಲಕ್ಕೆ ಬರುವಂತೆ ನಕ್ಷೆಯನ್ನು ಇಟ್ಟುಕೊಂಡರೆ, ಪರದೆಯ ಬಲಕ್ಕೆ ಕಾಣುವ ನಡುಗಡ್ಡೆ ನಿಮ್ಮ ಎಡಗೈಯ ಕಡೆ ಇರುತ್ತದೆ. ಆದ್ದರಿಂದ ನಕ್ಷೆ ದಿಕ್ಸೂಚಿಗೆ ತಕ್ಕಂತೆ ತಿರುಗುವ ಆಯ್ಕೆಯನ್ನು ಬಳಸಿ. ಆಗ ನಕ್ಷೆಯ ಎಡಬಲ ಕಣ್ಣೆದುರಿನ ನೀರಿಗೆ ಹೊಂದುತ್ತದೆ, ನಿಮ್ಮ ಚುಕ್ಕೆ ಮಾತ್ರ ಕೆಳಮುಖವಾಗಿ ಸಾಗುತ್ತದೆ. ಆಯಸ್ಕಾಂತವಿರುವ ಫೋನ್ ಕವರು, ಸ್ಪೀಕರು ಹತ್ತಿರವಿದ್ದರೆ ದಿಕ್ಸೂಚಿ ಕೆಡುತ್ತದೆ, ಅವನ್ನು ದೂರವಿಡಿ. ಕಯಾಕಿನಲ್ಲಿ ಮುಂದೆ ನೋಡುತ್ತ ಹೋಗುವುದರಿಂದ ಈ ಗೊಂದಲವಿಲ್ಲ. ಹರಿಗೋಲಾದರೆ ಅದು ಗಿರಕಿ ಹೊಡೆದಂತೆಲ್ಲ ನಕ್ಷೆಯೂ ಸುತ್ತುವುದರಿಂದ, ಉತ್ತರ ಸದಾ ಮೇಲಿರುವಂತೆ ನಿಲ್ಲಿಸಿಕೊಳ್ಳುವುದೇ ಲೇಸು.

ಹಾಗೆಂದು ಪರದೆಯನ್ನೇ ನೋಡುತ್ತ ಹುಟ್ಟು ಹಾಕಬಾರದು. ಆ್ಯಪ್‌ನಲ್ಲಿ ಗುರಿಯ ದಿಕ್ಕನ್ನು ಒಮ್ಮೆ ನೋಡಿ, ದೋಣಿಯನ್ನು ಅತ್ತ ತಿರುಗಿಸಿ, ಬಿಟ್ಟು ಬಂದ ದಡದಲ್ಲಿ ಒಂದರ ಹಿಂದೊಂದು ನೇರಕ್ಕೆ ಬರುವ ಎರಡು ಗುರುತುಗಳನ್ನು, ಮರವೊಂದು ಮತ್ತು ಅದರ ಹಿಂದಿನ ಗುಡ್ಡದ ತುದಿಯನ್ನು, ಕಣ್ಣಲ್ಲಿ ಹಿಡಿದುಕೊಳ್ಳಿ. ಅವೆರಡೂ ಬೇರ್ಪಡತೊಡಗಿದರೆ ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತಿದೆ ಎಂದರ್ಥ. ಬಲಗೈಯ ಹುಟ್ಟನ್ನು ಜೋರಾಗಿ ಎಳೆದರೆ ದೋಣಿಯ ಮೂತಿ ನಿಮ್ಮ ಎಡಕ್ಕೆ ತಿರುಗುತ್ತದೆ. 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಸಿಗಂದೂರು ಸೇತುವೆಯ ಎತ್ತರದ ಕಂಬಗಳು ಆ ಭಾಗದಲ್ಲಿ ಒಳ್ಳೆಯ ಗುರುತು. ಹತ್ತು ನಿಮಿಷಕ್ಕೊಮ್ಮೆ ಫೋನು ನೋಡಿದರೆ ಸಾಕಾಗುತ್ತದೆ.

ಮರಳುವಾಗ ನಕ್ಷೆಗಿಂತ, ಬರುವಾಗ ದಾಖಲಾದ ಗೆರೆಯನ್ನು ನಂಬಿ. ಆ ಗೆರೆಯ ಮೇಲೆ ಇಂದಿನ ಮಟ್ಟದಲ್ಲಿ ದೋಣಿ ತೇಲಿದೆ ಎಂಬುದಂತೂ ಖಚಿತ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರಿನೊಳಗೆ ಸರಿಯಾಗಿರುತ್ತದೆ. ಕಡಿದಾದ ಗುಡ್ಡದ ಮಗ್ಗುಲಲ್ಲಿ, ದಟ್ಟ ಮರಗಳ ಕೆಳಗೆ ತಪ್ಪು ಇನ್ನೂ ಹೆಚ್ಚು. ಬೊಡ್ಡೆಗಳ ನಡುವಿನ ಕಿರಿದಾದ ಸಂದಿಗೆ ಈ ನಿಖರತೆ ಸಾಲದು, ಅಲ್ಲಿ ವೇಗ ತಗ್ಗಿಸಿ ಕಣ್ಣಿನಿಂದಲೇ ನೋಡಿಕೊಂಡು ಹೋಗಬೇಕು, ಕತ್ತಲಾದ ಮೇಲೆ ಹೋಗಲೇಬಾರದು.

ಹೊರಡುವ ಮುನ್ನ ದಡದಲ್ಲಿ ಉಳಿಯುವ ಒಬ್ಬರಿಗೆ ಹಾದಿಯನ್ನೂ ಮರಳುವ ವೇಳೆಯನ್ನೂ ಬರೆದುಕೊಡಿ. ಆಪತ್ತು ಬಂದರೆ ಏರ್‌ಪ್ಲೇನ್ ಮೋಡ್ ತೆಗೆದು 112ಕ್ಕೆ ಕರೆ ಮಾಡಿ. ಕರೆ ನಿಲ್ಲದ ಕಡೆಯಿಂದಲೂ ಎಸ್ಸೆಮ್ಮೆಸ್ ಕೆಲವೊಮ್ಮೆ ದಾಟುವುದರಿಂದ ನಿಮ್ಮ ಅಕ್ಷಾಂಶ ರೇಖಾಂಶವನ್ನು ದಡದವರಿಗೆ ಸಂದೇಶವಾಗಿಯೂ ಕಳುಹಿಸಿ. ದಶಮಾಂಶ ರೂಪದಲ್ಲಿ, ಚುಕ್ಕೆಯ ನಂತರ ನಾಲ್ಕು ಅಂಕಿ ಕೊಟ್ಟರೆ ಸುಮಾರು 11 ಮೀಟರಿನ ಲೆಕ್ಕಕ್ಕೆ ಜಾಗ ತಿಳಿಯುತ್ತದೆ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮೊದಲ ಸಂಖ್ಯೆ 13 ಅಥವಾ 14ರಿಂದಲೂ ಎರಡನೆಯದು 74 ಅಥವಾ 75ರಿಂದಲೂ ಆರಂಭವಾಗಬೇಕು. ಹಾಗಿಲ್ಲದಿದ್ದರೆ ಅಂಕಿಗಳು ಅದಲುಬದಲಾಗಿವೆಯೇ ಎಂದು ನೋಡಿ ಕಳುಹಿಸಿ.